ಬಾಯಿ ತೆರೆದ ಅಲೆ

ಮೀನು ಅರೆದು ಕರಿದ ಕೆರೊಪೊಕ್ ಇನ್ನೂ ಬೆಚ್ಚಗಿತ್ತು. ಅದನ್ನು ಕಟ್ಟಿಕೊಟ್ಟ ಕಾಗದದ ಚೀಲ ಎಣ್ಣೆ ಕುಡಿದು ಮೆತ್ತಗಾಗಿತ್ತು. ಸೆಲಾಮಾ ಒಂದು ತುಂಡು ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಹಾಕುವಾಗ ಚೀಲದ ಮೇಲಿನ ಚಿತ್ರ ಕಣ್ಣಿಗೆ ಬಿತ್ತು. ಅಗಿಯುತ್ತಿದ್ದ ದವಡೆ ಅಲ್ಲೇ ನಿಂತಿತು.

ಒಳಗಿದ್ದದ್ದನ್ನೆಲ್ಲ ತಟ್ಟೆಗೆ ಸುರಿದು ಚೀಲವನ್ನು ಮಂಡಿಯ ಮೇಲಿಟ್ಟು ಅಂಗೈಯಿಂದ ನೀವಿ ಸಪಾಟು ಮಾಡಿದಳು. ಉದ್ದನೆಯದೊಂದು ಅಲೆ, ಅದರ ಬೆನ್ನಿಗೆ ಎರಡು ಗಿಡ್ಡ ಅಲೆ, ನಡುವೆ ಒಂದು ಸೊಟ್ಟ ತಿರುವು. ತುದಿಯ ಸುರುಳಿ ಕೂಡಿಕೊಳ್ಳದೆ ಬೆರಳಗಲ ಬಾಯಿ ತೆರೆದುಕೊಂಡಿತ್ತು. ಅದು ಮಜ್ಲಾನನ ಅಲೆ. ನಾಲ್ಕು ವರ್ಷದ ಹಿಂದೆ ಕಡಲಿಗೆ ಹೋಗಿ ಮರಳದ ಅವಳ ಮಗನ ಅಲೆ. ಅದರ ಮೇಲೆ ಈಗ ಮೆಣಸಿನ ಸಾಸು ಅಂಟಿತ್ತು.

"ಹಸ್ನಾ! ಏ ಹಸ್ನಾ! ಈ ಚೀಲ ಎಲ್ಲಿಂದ ತಂದೆ?"

ಸೊಸೆ ಹಿತ್ತಲಲ್ಲಿ ಮೀನು ಒಣಹಾಕುತ್ತಿದ್ದಳು. ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತಳು. "ಆ ಹೊಸ ಹೋಟೆಲ್ ಮುಂದೆ ಗಾಡಿ ಹಾಕಿದಾರಲ್ಲ ಮಾ, ಅಲ್ಲಿಂದ. ಅಲ್ಲಿ ಎಲ್ಲಾದರ ಮೇಲೂ ಅದೇ ಇದೆ. ಲೋಟದ ಮೇಲೆ, ಟವೆಲ್ ಮೇಲೆ. ಒಳಗೆ ಗೋಡೆ ಮೇಲೆ ಮನೆಯಷ್ಟು ಎತ್ತರ ಬರೀತಿದಾರಂತೆ."

"ನೋಡಿ ಎಷ್ಟು ದಿನ ಆಯ್ತು?"

"ಮೂರು ದಿನ. ಬಾಯಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಇವತ್ತು ತಿಂಡಿ ತಂದೆ."

"ಬರೀತಿರೋದು ಯಾರು?"

ಹಸ್ನಾ ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಅವರ ಊರು ಕುವಾಲಾ ಕೆತಾಪಾಂಗಿನ ಅಲೆ ಬರೆಯಬಲ್ಲವರು ಜಗತ್ತಿನಲ್ಲಿ ಇದ್ದದ್ದೇ ಇಬ್ಬರು. ಒಬ್ಬಳು ಸೆಲಾಮಾ. ಇನ್ನೊಬ್ಬನನ್ನು ತನ್ನ ಕೈಯಾರೆ ತಯಾರು ಮಾಡಿದವಳೂ ಸೆಲಾಮಾಳೇ. ಅವಳಿಗೆ ನೆತ್ತಿಯವರೆಗೂ ಉರಿ ಹತ್ತಿತು.

ಆ ಊರಿನಲ್ಲಿ ಅಲೆಯೆಂದರೆ ದೋಣಿಯ ಮೈಮೇಲಿನ ಶೃಂಗಾರವಲ್ಲ. ಹಕ್ಕಿ, ಹೂಬಳ್ಳಿ, ಮೀನು ಇವೆಲ್ಲ ಶೃಂಗಾರ. ಕೇಳಿದ ಬಣ್ಣದಲ್ಲಿ ಕೇಳಿದ ಹಾಗೆ ಬರೆದುಕೊಡಬಹುದು. ಅಲೆ ಹಾಗಲ್ಲ. ಹೊಸ ದೋಣಿ ಕಟ್ಟಿದವನು ಮೊದಲ ಸಲ ಬಲೆ ಹಾಕಲು ಹೋಗುವಾಗ ಬಣ್ಣದವರು ಜೊತೆಗೆ ಹೋಗಬೇಕು. ಅವನು ಮೀನು ಹಿಡಿಯುವ ಜಾಗದಲ್ಲಿ ನೀರು ಹೇಗೆ ಏಳುತ್ತದೆ, ಹೇಗೆ ಬೀಳುತ್ತದೆ ಎಂದು ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಬೇಕು. ಮರಳಿ ಬಂದು ಅದನ್ನು ದೋಣಿಯ ಮುಂದಿನ ಹಲಗೆಗೆ ಇಳಿಸಬೇಕು. ಅಲ್ಲಿಂದ ಅದು ಆ ಮನುಷ್ಯನ ಅಲೆ. ತುದಿಯ ಸುರುಳಿಯನ್ನು ಕೂಡಿಸದೆ ಬಾಯಿ ಬಿಟ್ಟಿರುತ್ತಾರೆ, ಅವನು ಉಸಿರಾಡಲಿ ಎಂದು. ಅವನು ಸತ್ತ ದಿನ, ಹಾಸಿಗೆಯಲ್ಲೋ ಕಡಲಲ್ಲೋ, ಬರೆದ ಕೈಯೇ ಬಂದು ಆ ಬಾಯಿ ಮುಚ್ಚುತ್ತದೆ. ಒಂದು ಕಡೆ ಮುಚ್ಚಿದರೆ ಎಲ್ಲ ಕಡೆ ಮುಚ್ಚಿದ ಹಾಗೆ. ಮುಚ್ಚಿದ ಅಲೆಯನ್ನು ಮತ್ತೆ ಯಾವ ಕೈಯೂ ಬರೆಯುವಂತಿಲ್ಲ.

ಸೆಲಾಮಾಳ ಅಪ್ಪ ಬರೆದರು, ಅಜ್ಜ ಬರೆದರು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಕುಂಚ ಅವಳ ಕೈಗೆ ಬಂತು. ಹೆಣ್ಣು ಕಡಲಿಗೆ ಬಂದರೆ ಮೀನು ಓಡಿಹೋಗುತ್ತವೆ ಎಂದು ಗೊಣಗಿದವರೆಲ್ಲ ಮುಂದೆ ಅವಳ ಮನೆ ಬಾಗಿಲಿಗೇ ಬಂದು ದಿನ ಗೊತ್ತುಮಾಡಿಕೊಂಡು ಹೋದರು. ನಲವತ್ತು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಅಲೆ ಬರೆದಿದ್ದಳು. ಎಂಥ ಕಡಲಲ್ಲೂ ತಲೆ ತಿರುಗದವಳು, ಮಗನ ದೋಣಿಯಲ್ಲಿ ಹೋದ ದಿನ ಮಾತ್ರ ನಾಲ್ಕು ಸಲ ವಾಂತಿ ಮಾಡಿಕೊಂಡಿದ್ದಳು. ದ್ವೀಪದಾಚೆಯ ಬಂಡೆಸಾಲಿನ ಹತ್ತಿರ ನೀರು ಅಷ್ಟು ಸೊಟ್ಟಸೊಟ್ಟಗೆ ಹೊಡೆಯುತ್ತಿತ್ತು. ಮಜ್ಲಾನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಇದನ್ನೂ ಬರಿ ಮಾ, ಸರಿಯಾಗಿ ನೋಡ್ಕೋ" ಎಂದಿದ್ದ. ಅಲೆಯ ನಡುವಿನ ಆ ಸೊಟ್ಟ ತಿರುವು ಅದೇ.

ನಾಲ್ಕು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಮಳೆಗಾಳಿ ಎದ್ದಾಗ ಅವನ ದೋಣಿ ಬರಲಿಲ್ಲ. ಹನ್ನೊಂದನೆಯ ದಿನ ಗಡಿಯಾಚೆಯ ದಂಡೆಯಲ್ಲಿ ಅದರ ಮುಂಭಾಗ ಸಿಕ್ಕಿತು. ದೋಣಿ ಕಟ್ಟುವ ಮುದುಕ ಪೊಕ್ ಜುಸೊ ಹೋಗಿ ಆ ಹಲಗೆಯನ್ನು ಬಿಚ್ಚಿ ಹೊತ್ತು ತಂದ. ಅದರ ಮೇಲೆ ಅಲೆ ಹಾಗೇ ಇತ್ತು, ಬಾಯಿ ತೆರೆದುಕೊಂಡೇ. ಮನುಷ್ಯ ಮಾತ್ರ ಸಿಗಲಿಲ್ಲ. ಊರಿಗೆ ಊರೇ ಸೆಲಾಮಾಳ ಕೈ ನೋಡುತ್ತ ಕೂತಿತು. ಅವಳು ಕುಂಚ ಎತ್ತಲಿಲ್ಲ.

"ಈಜು ಬಲ್ಲವನು. ಎಲ್ಲೋ ಯಾರದೋ ಹಡಗು ಹತ್ತಿರ್ತಾನೆ" ಎಂದಳು.

ಮೊದಲ ವರ್ಷ ಎಲ್ಲರೂ ಹೌದೆಂದರು. ಎರಡನೆಯ ವರ್ಷ ಸುಮ್ಮನಾದರು. ಅಲೆ ಮುಚ್ಚದೆ ಅಲ್ಲಿ ಯಾರೂ ಸತ್ತವರಿಗಾಗಿ ಓದುವುದಿಲ್ಲ. ಹಾಗಾಗಿ ಮಜ್ಲಾನನ ಹೆಸರಿನಲ್ಲಿ ಒಂದು ಫಾತಿಹಾ ಕೂಡ ಆಗಿರಲಿಲ್ಲ. ಹಸ್ನಾ ಇತ್ತ ಹೆಂಡತಿಯೂ ಅಲ್ಲ, ಅತ್ತ ವಿಧವೆಯೂ ಅಲ್ಲದೆ ಮೀನು ಒಣಹಾಕಿಕೊಂಡಿದ್ದಳು. ಒಂದು ಸಲ ಧೈರ್ಯ ಮಾಡಿ "ಮುಚ್ಚಿಬಿಡು ಮಾ, ಅವನಿಗಾಗಿ ನಾಲ್ಕು ಅಕ್ಷರ ಓದೋಣ" ಎಂದದ್ದಕ್ಕೆ ಸೆಲಾಮಾ ಬಣ್ಣದ ಡಬ್ಬಿ ಎಸೆದಿದ್ದಳು. ಹಲಗೆ ಅವಳ ಚಪ್ಪರದಲ್ಲಿ, ಕೂತಲ್ಲಿಂದ ಕಾಣುವ ಹಾಗೆ, ಗೋಡೆಗೆ ಒರಗಿಕೊಂಡಿತ್ತು.

ಆ ಹೊತ್ತಿನಲ್ಲೇ ಪೇಟೆಯಿಂದ ಸಫ್ರಿ ಬಂದದ್ದು. ಹೆಸರು ಮಾಡಿದ ಚಿತ್ರಕಾರ, ವಯಸ್ಸು ಮಜ್ಲಾನನಷ್ಟೇ. ದಿನಾ ಚಪ್ಪರಕ್ಕೆ ಬಂದು ಕೂತ, ಬಣ್ಣ ಅರೆದ, "ಮೆಕ್, ಮೆಕ್" ಎಂದು ಊರಿನವರು ಹಿರಿಯ ಹೆಂಗಸನ್ನು ಕರೆಯುವ ಹಾಗೆ ಕರೆಯುತ್ತ ಹಿಂದೆ ಮುಂದೆ ಸುತ್ತಿದ. ಎದುರಿಗೆ ಕೂತು ಬುಡು ಎಂಬ ಮೀನಿನ ರಸ ಕಲಸಿಕೊಂಡು ಅನ್ನ ತಿನ್ನುವ ಗಂಡಸಿನ ದನಿ ಮನೆಯಲ್ಲಿ ಕೇಳಿ ಎಷ್ಟೋ ದಿನವಾಗಿದ್ದ ಹೆಂಗಸು ಕರಗಿಹೋದಳು. ಆರು ತಿಂಗಳಾಗುವಷ್ಟರಲ್ಲಿ ಹಳದಿ ಅಂಟಕ್ಕಿ ಅನ್ನ ಮಾಡಿ, ಹಿರಿಯರನ್ನು ಕರೆದು, ಮೊದಲ ತುತ್ತು ತನ್ನ ಕೈಯಿಂದ ಅವನ ಬಾಯಿಗಿಟ್ಟಳು. ಆ ಅನ್ನ ತಿಂದವನು ಶಿಷ್ಯ. ಶಿಷ್ಯನಾದವನಿಗೆ ಗುರುವಿನ ಬಾಯಿ ತೆರೆದ ಅಲೆಗಳನ್ನೆಲ್ಲ ಬರೆಯುವ ಹಕ್ಕು. ಕಡಲಿಗೆ ಕರೆದಾಗಲೆಲ್ಲ ಅವನಿಗೆ ತಲೆನೋವು ಬರುತ್ತಿತ್ತು. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಚೀಲವನ್ನು ಮಡಚಿ ಹಿಡಿದುಕೊಂಡು ಸೆಲಾಮಾ ನೇರ ಪೊಕ್ ಜುಸೊನ ಹತ್ತಿರ ಹೋದಳು. ಊರಿನ ಕಟ್ಟುಪಾಡು ಬಲ್ಲವರಲ್ಲಿ ಉಳಿದವನು ಅವನೊಬ್ಬನೇ. ಮುದುಕ ಹಲಗೆ ಕೆತ್ತುತ್ತಿದ್ದವನು ಬಾಚಿ ಕೆಳಗಿಟ್ಟು ಚೀಲವನ್ನು ದೂರ ಹಿಡಿದು ನೋಡಿದ.

"ಕಳ್ಳ ಅವನು, ಪೊಕ್. ನನ್ನ ಮಗನ ಉಸಿರು ಕದ್ದು ಕೆರೊಪೊಕ್ ಕಟ್ತಿದಾನೆ. ನೀನು ಬಾ. ನಾಲ್ಕು ಜನರೆದುರು ಅವನಿಗೆ ಛೀಮಾರಿ ಹಾಕು."

"ಏನಂತ ಹಾಕಲಿ?"

"ಏನಂತಾನಾ! ಬರೀಬಾರದ ಅಲೆ ಬರೆದ ಅಂತ!"

ಮುದುಕ ಗಡ್ಡ ಕೆರೆದುಕೊಂಡ. "ಮೆಕ್, ಬೈಕೋಬೇಡ. ಬರೀಬಾರದ ಅಲೆ ಯಾವುದು? ಮುಚ್ಚಿದ್ದು. ಇದನ್ನ ಮುಚ್ಚಿದೀಯಾ?"

ಅವಳು ನೆಲದ ಮೇಲಿನ ಮರದ ಚೂರುಗಳನ್ನು ಕಾಲಿನಿಂದ ಆಚೆ ತಳ್ಳಿದಳು.

"ಅವನು ನಿನ್ನ ಅನ್ನ ತಿಂದ. ನಾನೇ ಸಾಕ್ಷಿ ಕೂತಿದ್ದೆ, ಎರಡು ಸಲ ಬಡಿಸ್ಕೊಂಡು ತಿಂದೂ ಇದ್ದೆ. ತಪ್ಪು ಮಾಡಿದಾನೆ, ಅಂಥ ಮುಖಕ್ಕೆ ಉಗೀಬೇಕು, ನಿಜ. ಆದರೆ ಕಟ್ಟುಪಾಡು ಅವನ ಕಡೆಗಿದೆ. ನೀನೇ ಕೈಯಾರೆ ಕೊಟ್ಟಿದೀಯ."

"ಹಾಗಾದ್ರೆ ನಾನೇ ಹೋಗ್ತೀನಿ" ಎಂದು ಸೆಲಾಮಾ ಅವನ ಕೈಯಿಂದ ಚೀಲ ಕಿತ್ತುಕೊಂಡಳು. "ನಿನ್ನ ಕಟ್ಟುಪಾಡು ನಿನ್ನ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗು."

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಬಸ್ಸು ಹತ್ತಿದರು. ಕೆಲಸದ ಚೀಲ ಸೆಲಾಮಾಳ ಹೆಗಲಿಗಿತ್ತು. ಅದಿಲ್ಲದೆ ಅವಳು ಮದುವೆಮನೆಗೂ ಹೋದವಳಲ್ಲ. ದಾರಿಯುದ್ದಕ್ಕೂ ಸಫ್ರಿಗೆ ಹೇಳಬೇಕಾದ ಮಾತುಗಳನ್ನು ಹಲ್ಲುಕಚ್ಚಿ ಜೋಡಿಸಿಕೊಳ್ಳುತ್ತಿದ್ದಳು. ಹಸ್ನಾ ಕಿಟಕಿಯಾಚೆ ನೋಡುತ್ತಿದ್ದಳು.

ಹೋಟೆಲು ಕಡಲಿಗೆ ಬೆನ್ನು ಹಾಕಿ ರಸ್ತೆಗೆ ಮುಖ ಮಾಡಿ ಕೂತಿತ್ತು. ಬಾಗಿಲು ತೆರೆಯಲು ಇನ್ನು ಎರಡೇ ದಿನ ಉಳಿದಿದ್ದವು. ಒಳಗೆ ಸಿಮೆಂಟು, ಮರದ ಹೊಟ್ಟು, ಬಣ್ಣದ ವಾಸನೆ. ಎದುರಿನ ಗೋಡೆಯನ್ನು ನೋಡಿದ್ದೇ ಸೆಲಾಮಾ ಅಲ್ಲೇ ನಿಂತಳು. ಮೂರು ಆಳೆತ್ತರಕ್ಕೆ ಎದ್ದುನಿಂತಿತ್ತು ಅಲೆ. ಬಣ್ಣ ಚೆನ್ನಾಗಿತ್ತು, ಗೆರೆಯೂ ಚೆನ್ನಾಗಿತ್ತು; ಹಾಳಾದವನಿಗೆ ಅವಳು ಚೆನ್ನಾಗಿಯೇ ಕಲಿಸಿದ್ದಳು. ಮಗ ನಗುತ್ತ ತೋರಿಸಿದ ಸೊಟ್ಟ ತಿರುವಿನ ಜಾಗಕ್ಕೆ ಸರಿಯಾಗಿ, ಸಾಮಾನು ಇಡುವ ಕೋಣೆಯ ಬಾಗಿಲು ಕೊರೆದಿದ್ದರು.

ಸಫ್ರಿ ಓಡಿಬಂದು ಬಗ್ಗಿ ಅವಳ ಕೈ ಹಿಡಿದು ಹಣೆಗೊತ್ತಿಕೊಂಡ. "ಮೆಕ್! ನಾನೇ ಕಾರು ಕಳಿಸ್ತಿದ್ದೆನಲ್ಲ! ನೋಡು, ನಿನ್ನ ಕಲೆ ಎಷ್ಟು ದೊಡ್ಡದಾಗಿ ನಿಂತಿದೆ!"

ಅವಳು ಕೈ ಎಳೆದುಕೊಂಡಳು. ಪಕ್ಕದಲ್ಲಿ ಹಿತ್ತಾಳೆಯ ಫಲಕವಿತ್ತು. "ಅದೇನು ಬರೆದಿದೆ, ಓದು ಹಸ್ನಾ."

ಹಸ್ನಾ ಓದಿದಳು. "ಸಮುದ್ರದಿಂದ ಸ್ಫೂರ್ತಿ. ಚಿತ್ರ, ಸಫ್ರಿ."

"ಯಾವ ಸಮುದ್ರ?" ಎಂದಳು ಸೆಲಾಮಾ. ಮೇಲೆ ಅಟ್ಟಣಿಗೆಯಲ್ಲಿ ಗಾರೆ ಮಾಡುತ್ತಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಯಾವ ಸಮುದ್ರದಿಂದಯ್ಯಾ ನಿನಗೆ ಸ್ಫೂರ್ತಿ ಬಂದಿದ್ದು? ಮೊಣಕಾಲು ನೆನೆಸ್ಕೊಂಡಿದೀಯಾ ಒಂದು ದಿನ? ದೋಣಿ ಅಂದ ತಕ್ಷಣ ತಲೆನೋವು, ಬಿಸಿಲು ಅಂದ ತಕ್ಷಣ ಜ್ವರ! ಆ ಬಂಡೆಸಾಲು ಎಲ್ಲಿದೆ, ಬೆರಳು ಮಾಡಿ ತೋರಿಸು ನೋಡೋಣ!"

"ಮೆಕ್, ನಿನ್ನ ಹೆಸರು ಹಾಕೋಕೆ ಹೇಳ್ತೀನಿ. ಇವತ್ತೇ ಬೇರೆ ಫಲಕ ಮಾಡಿಸ್ತೀನಿ."

"ನನ್ನ ಹೆಸರು ತಗೊಂಡು ಏನು ಮಾಡಲಿ! ಅಳಿಸು ಇದನ್ನ."

"ಹೇಗೆ ಅಳಿಸೋದು? ಶನಿವಾರ ದೊಡ್ಡದೊಡ್ಡವರು ಬರ್ತಾರೆ. ಲೋಟ, ಚೀಲ, ಎಲ್ಲಾ ಅಚ್ಚಾಗಿದೆ. ನೀನು ಹೀಗೆ ಯೋಚನೆ ಮಾಡು, ನಿನ್ನ ಚಪ್ಪರದ ಮೂಲೆಲಿ ಗೆದ್ದಲು ಹಿಡಿಯೋದನ್ನ ನಾನು ಉಳಿಸಿದೆ. ಮಜ್ಲಾನ್ ಬದುಕಿದ ಹಾಗೇ ಅಲ್ವಾ ಇದು?"

"ಅವನ ಹೆಸರು ಎತ್ತಬೇಡ."

"ಕಟ್ಟುಪಾಡು ಮೀರಿದ್ರೆ ಹೇಳು, ಕೆನ್ನೆಗೆ ಹೊಡಿ." ಸಫ್ರಿಯ ದನಿ ಇನ್ನೂ ಮೆತ್ತಗಾಯಿತು. ಒಳ್ಳೆಯ ಹುಡುಗನ ಮುಖ ಮಾಡಿಕೊಂಡೇ ಹೇಳಿದ: "ನೀನೇ ಕಲಿಸಿದ್ದು. ಬಾಯಿ ತೆರೆದ ಅಲೆನ ಶಿಷ್ಯ ಬರೀಬಹುದು. ಮುಚ್ಚಿದ ಅಲೆನ ನಾನು ಮುಟ್ಟಲ್ಲ, ಆಣೆ. ನೀನು ಮುಚ್ಚಿದೀನಿ ಅಂತ ಒಂದು ಮಾತು ಹೇಳು, ಈ ಗೋಡೆಗೆ ನಾನೇ ಸುಣ್ಣ ಬಳೀತೀನಿ. ಮುಚ್ಚಿದೀಯಾ ಮೆಕ್?"

ಅವನಿಗೆ ಗೊತ್ತಿತ್ತು. ಆರು ತಿಂಗಳು ಆ ಹಲಗೆಯ ಎದುರಿಗೇ ಕೂತು ಅವಳ ಅನ್ನ ತಿಂದವನಿಗೆ ಅವಳ ಕೈ ಆ ಬಾಯಿಯ ಹತ್ತಿರ ಹೋಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ತಾಯಿಯ ಸಂಕಟಕ್ಕೇ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ ಪುಣ್ಯಾತ್ಮ.

ಸೆಲಾಮಾ ಅವನನ್ನು ಬಿಟ್ಟು ಗೋಡೆಯ ಕಡೆ ತಿರುಗಿದಳು. ಗೋಡೆಯ ಮೇಲೆ ಎರಡು ಆಳೆತ್ತರದಲ್ಲಿ ಸುರುಳಿಯ ಬಾಯಿ ಕಾಣುತ್ತಿತ್ತು, ಅವಳ ತೋಳಿನಷ್ಟು ಅಗಲ. ಮುಚ್ಚದಿದ್ದರೆ ಇದು ಇಲ್ಲೇ ಇರುತ್ತದೆ. ಲೋಟದ ಮೇಲೆ ಇರುತ್ತದೆ, ಕಾಲೊರೆಸುವ ಬಟ್ಟೆಯ ಮೇಲೆ ಇರುತ್ತದೆ, ತಿಂದು ಎಸೆದ ಚೀಲವಾಗಿ ಚರಂಡಿಯಲ್ಲಿರುತ್ತದೆ. ಮುಚ್ಚಿದರೆ, ಮಗ ಸತ್ತ. ಅವಳೇ ಹೇಳಿದ ಹಾಗೆ. ನಾಲ್ಕು ವರ್ಷ ಯಾರ ಬಾಯಿಂದಲೂ ಬರಗೊಡದ ಮಾತನ್ನು ತನ್ನ ಕೈಯಿಂದಲೇ ಬರೆದ ಹಾಗೆ.

ಅವಳು ಹೆಗಲ ಚೀಲದಿಂದ ಅಗಲದ ಕುಂಚ ತೆಗೆದಳು. ಸಫ್ರಿಯ ನೀಲಿ ಬಣ್ಣದ ಡಬ್ಬಿ ಅಲ್ಲೇ ಇತ್ತು. ಅದರ ಹಿಡಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಸರೊಂಗಿನ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಟ್ಟಣಿಗೆಯ ಕಂಬಕ್ಕೆ ಕೈ ಹಾಕಿದಳು.

"ಮೆಕ್! ಬೀಳ್ತೀಯಾ! ಏನು ಮಾಡ್ತಿದೀಯಾ?" ಎಂದು ಸಫ್ರಿ ಕೂಗಿದ. ದನಿಯಲ್ಲಿದ್ದ ಮೆತ್ತಗಿನದೆಲ್ಲ ಹಾರಿಹೋಗಿತ್ತು.

ಹಸ್ನಾ ಓಡಿಬಂದು ಅವಳ ಸರೊಂಗು ಹಿಡಿದುಕೊಂಡಳು. "ಮಾ, ಇಲ್ಲಿ ಬೇಡ. ನಾನೇ ಮುಚ್ಚು ಅಂದಿದ್ದೆ, ಹೌದು. ಆದ್ರೆ ಇಲ್ಲಿ ಬೇಡ, ಇವನ ಹಟಕ್ಕೆ ಬೇಡ. ಮನೆಗೆ ಹೋಗೋಣ. ನಮ್ಮ ಹಲಗೆ ಮೇಲೆ, ನಮ್ಮ ಜನ ಎಲ್ಲಾ ಕೂತಿರುವಾಗ ಮಾಡು. ಅವನಿಗೆ ಅಷ್ಟಾದ್ರೂ ಮರ್ಯಾದೆ ಬೇಡ್ವಾ?"

ಸೆಲಾಮಾ ತಿರುಗಿ ಸೊಸೆಯ ಮುಖ ನೋಡಿದಳು. ಆ ಮುಖವನ್ನು ಅವಳು ಸರಿಯಾಗಿ ನೋಡಿ ಬಹಳ ದಿನವಾಗಿತ್ತು. "ಮನೆಗೆ ಹೋದ್ರೆ ನನ್ನ ಕೈ ಏಳಲ್ಲ ಕಣೇ" ಎಂದಳು. "ನನಗೆ ನನ್ನ ಬುದ್ಧಿ ಗೊತ್ತು. ಬಿಡು."

ಹಸ್ನಾ ಬಿಟ್ಟಳು.

ದೋಣಿಗಳ ಮೇಲೆ ಹತ್ತಿ ಇಳಿದು ಪಳಗಿದ ಕಾಲು. ಅರವತ್ತು ದಾಟಿದ್ದರೂ ಜಾರಲಿಲ್ಲ. ಅಟ್ಟಣಿಗೆಯ ಮೇಲಿದ್ದ ಇಬ್ಬರು ಗಾರೆಯವರು ಕೈ ಕೊಟ್ಟು ಎಳೆದುಕೊಂಡರು. ಕೆಳಗೆ ಸಫ್ರಿ "ಅವಳನ್ನ ಇಳಿಸ್ರೋ, ಗೋಡೆ ಹಾಳಾಗುತ್ತೆ!" ಎಂದು ಅರಚುತ್ತಿದ್ದ. ಗಾರೆಯವರಲ್ಲಿ ಹಿರಿಯವನು ಕುಂಚ ನೋಡಿದ, ಬಾಯಿ ತೆರೆದ ಸುರುಳಿ ನೋಡಿದ, ಅವಳ ಮುಖ ನೋಡಿದ.

"ನೀನು ಕೆತಾಪಾಂಗಿನ ಬಣ್ಣದ ಮೆಕ್ ಅಲ್ವಾ?" ಎಂದು ಕೇಳಿದ. "ನನ್ನ ಚಿಕ್ಕಪ್ಪನ ಅಲೆ ಮುಚ್ಚೋಕೆ ನೀನೇ ಬಂದಿದ್ದೆ. ನಾವೆಲ್ಲ ಆ ಕಡೆಯವರೇ. ಇದು ಯಾರದ್ದು ಅಂತ ತಿಳೀದೆ ಹದಿನೈದು ದಿನ ಇದರ ಪಕ್ಕ ಕೂತು ಬುತ್ತಿ ತಿಂದಿದೀವಲ್ಲ ಮೆಕ್."

"ನಿಮ್ಮ ತಪ್ಪಲ್ಲ" ಎಂದಳು ಸೆಲಾಮಾ. "ಜಾಗ ಬಿಡು."

ಅವಳು ಕುಂಚವನ್ನು ಬಣ್ಣದಲ್ಲಿ ಅದ್ದಿದಳು. ಅಂಚಿಗೆ ಒತ್ತಿ ಹೆಚ್ಚಿನದನ್ನು ಇಳಿಸಿದಳು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡಳು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಸಫ್ರಿಯ ಮೇಲೆ, ಈ ಗೋಡೆಯ ಮೇಲೆ, ಅಂಥವನನ್ನು ಕರೆದು ಕೂರಿಸಿ ಬಾಯಿಗೆ ತುತ್ತಿಟ್ಟ ತನ್ನ ಮೇಲೆ, ಹನ್ನೊಂದು ದಿನ ಇಟ್ಟುಕೊಂಡು ಬರಿಯ ಹಲಗೆ ಕೊಟ್ಟ ಕಡಲಿನ ಮೇಲೆ. ಆ ಸಿಟ್ಟೇ ಕೈಯನ್ನು ಗಟ್ಟಿ ಮಾಡಿತು. ಮೇಲಿನ ಗೆರೆಯಿಂದ ಕುಂಚ ಎತ್ತದೆ ಎಳೆದಳು. ತೋಳಿನಷ್ಟು ಉದ್ದ ಬೇಕಾಯಿತು. ಕೆಳಗಿನ ಗೆರೆ ಸಿಕ್ಕಿತು, ಕೂಡಿತು.

ಅಟ್ಟಣಿಗೆಯ ಮೇಲಿದ್ದವರು ಕರಣೆ ಕೆಳಗಿಟ್ಟು ಟೋಪಿ ಸರಿಮಾಡಿಕೊಂಡರು. ನೆಲಕ್ಕೆ ಕಲ್ಲು ಹಾಕುತ್ತಿದ್ದವರು, ದೀಪದ ತಂತಿ ಎಳೆಯುತ್ತಿದ್ದವರು ಎದ್ದುನಿಂತರು. ಹೆಚ್ಚಿನವರು ದಂಡೆಯವರೇ, ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬ ಹೋಗಿ ಕಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದ.

"ಯಾರ ಹೆಸರಲ್ಲಿ ಓದೋಣ ಮೆಕ್?" ಎಂದು ಹಿರಿಯ ಗಾರೆಯವನು ಕೇಳಿದ.

ಸೆಲಾಮಾ ಕೆಳಗೆ ನಿಂತ ಸೊಸೆಯ ಕಡೆ ನೋಡಿದಳು. ಕೆಳಗಿನಿಂದ ಹಸ್ನಾ ಹೇಳಿದಳು. "ಮಜ್ಲಾನ್. ನನ್ನ ಗಂಡ."

ಎಲ್ಲರೂ ಅಂಗೈ ಎತ್ತಿದರು. ಅಷ್ಟು ಜನರ ನಡುವೆ ಒಬ್ಬನೇ ಹೇಗೆ ನಿಲ್ಲಲಿ ಎಂದೋ, ನಿಜವಾಗಿ ಎದೆಗೆ ತಾಗಿತೋ, ಸಫ್ರಿಯೂ ಕಣ್ಣು ಮುಚ್ಚಿ ಅಂಗೈ ಎತ್ತಿದ. ಸೆಲಾಮಾ ಅದನ್ನು ಮೇಲಿನಿಂದ ನೋಡಿದಳು. ಕುಂಚವನ್ನು ಗಾರೆಯವನ ಕೈಗೆ ಕೊಟ್ಟು, ಒಂದೊಂದೇ ಅಡ್ಡಪಟ್ಟಿಗೆ ಕಾಲಿಟ್ಟು ಇಳಿದು, ನಿಂತ ಜನರ ನಡುವೆ ದಾರಿ ಮಾಡಿಕೊಂಡು ಅವನ ಎದುರಿಗೆ ಹೋದಳು. ಯಾರೂ ಓದಲು ತೊಡಗಿರಲಿಲ್ಲ; ಅವಳಿಗಾಗಿ ಕಾದಿದ್ದರು.

ಅವಳು ಬಣ್ಣದ ಕೈಯಿಂದ ಅವನ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ನೀನಲ್ಲ" ಎಂದಳು. "ನೀನು ಆಚೆ ಹೋಗು. ಸುಣ್ಣ ಕಲಸು."

ಅವನು ಬಾಗಿಲು ದಾಟುವವರೆಗೂ ನೋಡುತ್ತ ನಿಂತಿದ್ದಳು. ಆಮೇಲೆ ಹಸ್ನಾಳ ಪಕ್ಕಕ್ಕೆ ಬಂದು, ನಾಲ್ಕು ವರ್ಷದಲ್ಲಿ ಮೊದಲ ಸಲ, ಮಗನಿಗಾಗಿ ಅಂಗೈ ಎತ್ತಿದಳು.